ಹುಲಿ, ಡ್ರ್ಯಾಗನ್ ಮತ್ತು ಕಲಬುರಗಿಯ ಕನ್ನಡ

ಜಪಾನಿನ ಹದಿಹರೆಯದವರಿಗಾಗಿ ಬರೆಯಲಾದ ಒಂದು ಹಗುರ ಪ್ರೇಮಕಾದಂಬರಿಯನ್ನು ಕುರಿತು ಈ ಪುಟದಲ್ಲಿ ಚರ್ಚಿಸುವುದಕ್ಕೆ ಕೊಂಚ ಸಮಜಾಯಿಷಿ ಬೇಕಾದೀತು. ಕಲಬುರಗಿಯ ಬಗ್ಗೆ ಬರೆಯಹೊರಟವನಿಗೆ ವಿಷಯಗಳ ಬರವಿಲ್ಲ. ತೊಗರಿಯ ಬೆಲೆಯಿದೆ, ನೀರಿನ ಬವಣೆಯಿದೆ, 371(ಜೆ) ವಿಧಿಯ ಅನುಷ್ಠಾನದ ಪ್ರಶ್ನೆಯಿದೆ. ಇವೆಲ್ಲವನ್ನೂ ಬಿಟ್ಟು ಜಪಾನಿನ ಶಾಲೆಯೊಂದರ ಹುಡುಗ ಹುಡುಗಿಯರ ಜಗಳ, ಮುನಿಸುಗಳನ್ನು ಕಟ್ಟಿಕೊಂಡು ನಮಗೇನಾಗಬೇಕು ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಆದರೆ ನಮ್ಮ ಹದಿನಾರು ಹದಿನೇಳರ ಮಕ್ಕಳು ಯಾವ ಭಾಷೆಯಲ್ಲಿ ಕಥೆ ನೋಡಿ ನಗುತ್ತಾರೆ, ಪ್ರೀತಿ ಎಂಬ ಸಂಗತಿಯನ್ನು ಮೊದಲು ಯಾವ ಭಾಷೆಯ ಮಾತುಗಳಲ್ಲಿ ಪರಿಚಯ ಮಾಡಿಕೊಳ್ಳುತ್ತಾರೆ ಎಂಬುದು ಭಾಷೆಯ ಭವಿಷ್ಯಕ್ಕೆ ಸಂಬಂಧಿಸಿದ ಮಾತು. ಆ ಕಾರಣಕ್ಕಾಗಿಯಾದರೂ ಈ ಕಾದಂಬರಿಯ ಹಿಂದೆ ನಾಲ್ಕು ಹೆಜ್ಜೆ ಹೋಗಿ ನೋಡುವುದು ಉಚಿತ.

ಕಾದಂಬರಿಯ ಹೆಸರು 'ತೊರಾದೊರಾ'. ಬರೆದವರು ಯುಯುಕೊ ತಾಕೆಮಿಯಾ ಎಂಬ ಲೇಖಕಿ, ಚಿತ್ರಗಳನ್ನು ರಚಿಸಿದವರು ಯಾಸು. ದೆಂಗೆಕಿ ಬುಂಕೊ ಎಂಬ ಪ್ರಕಾಶನ ಮಾಲೆಯಲ್ಲಿ ಮೊದಲ ಸಂಪುಟ 2006ರ ಮಾರ್ಚ್‌ನಲ್ಲಿ ಹೊರಬಂತು. ಹತ್ತನೆಯ ಹಾಗೂ ಕೊನೆಯ ಸಂಪುಟ ಸರಿಯಾಗಿ ಮೂರು ವರ್ಷಗಳ ನಂತರ, 2009ರ ಮಾರ್ಚ್‌ನಲ್ಲಿ. ಇವಲ್ಲದೆ ಉಪಕಥೆಗಳ ಮೂರು ಸಂಪುಟಗಳೂ ಇವೆ. 2007ರಲ್ಲಿ ಇದು ಮಾಂಗಾ ಎಂಬ ಚಿತ್ರಕಥೆಯ ರೂಪ ತಳೆಯತೊಡಗಿತು. 2008ರ ಅಕ್ಟೋಬರಿನಿಂದ 2009ರ ಮಾರ್ಚ್‌ವರೆಗೆ 25 ಕಂತುಗಳ ಅನಿಮೆ, ಅಂದರೆ ಜಪಾನೀ ಆ್ಯನಿಮೇಷನ್ ಧಾರಾವಾಹಿ, ದೂರದರ್ಶನದಲ್ಲಿ ಪ್ರಸಾರವಾಯಿತು. ಜೆ.ಸಿ. ಸ್ಟಾಫ್ ಎಂಬ ಸಂಸ್ಥೆ ನಿರ್ಮಿಸಿದ ಈ ಧಾರಾವಾಹಿಯ ನಿರ್ದೇಶಕ ತತ್ಸುಯುಕಿ ನಾಗಾಯ್, ಚಿತ್ರಕಥೆಯ ಹೊಣೆ ಹೊತ್ತವರು ಮಾರಿ ಒಕಾದಾ. 2009ರಲ್ಲಿ ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಕೂಡ ಆಯಿತು. ಕೊನೆಯ ಸಂಪುಟ ಅಂಗಡಿಗೆ ಬಂದ ತಿಂಗಳಲ್ಲೇ ತೆರೆಯ ಮೇಲಿನ ಕಥೆಯೂ ಮುಗಿಯಿತೆಂಬುದನ್ನು ಗಮನಿಸಬೇಕು. ಪುಸ್ತಕ ಮುಗಿದು, ಹೆಸರಾಗಿ, ಆಮೇಲೆ ಚಿತ್ರವಾಗುವ ಕ್ರಮ ಅಲ್ಲಿಯದಲ್ಲ. ಎರಡೂ ಒಂದರ ಕೈ ಒಂದು ಹಿಡಿದು ನಡೆಯುತ್ತವೆ.

ಕಥೆ ಸರಳ. ರ್ಯೂಜಿ ತಾಕಾಸು ಎಂಬ ಹುಡುಗನಿಗೆ ತಂದೆಯಿಂದ ಬಂದ ಬಳುವಳಿ ಒಂದೇ, ಕ್ರೂರವಾಗಿ ಕಾಣುವ ಕಣ್ಣುಗಳು. ತಂದೆ ಭೂಗತ ಲೋಕದವನು, ಈಗ ಇಲ್ಲ. ಹುಡುಗನ ಮುಖ ಕಂಡು ಸಹಪಾಠಿಗಳು ಹೆದರಿ ದೂರ ಸರಿಯುತ್ತಾರೆ. ಮನೆಯಲ್ಲಿ ಅವನ ಸ್ವಭಾವವೇ ಬೇರೆ. ರಾತ್ರಿ ಪಾಳಿಯಲ್ಲಿ ಬಾರ್ ಒಂದರಲ್ಲಿ ದುಡಿಯುವ ತಾಯಿಗೆ ಅಡುಗೆ ಮಾಡಿಡುವವನು, ಅಡುಗೆಮನೆಯ ಮೂಲೆಯ ಜಿಡ್ಡನ್ನು ಕಂಡರೆ ನಿದ್ದೆ ಬಾರದವನು ಈತ. ಪಕ್ಕದ ಐಷಾರಾಮಿ ಕಟ್ಟಡದಲ್ಲಿ ಒಬ್ಬಳೇ ವಾಸಿಸುವವಳು ತಾಯಿಗಾ ಐಸಾಕಾ. ಹೆತ್ತವರು ಹಣ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಆಕೃತಿ ಪುಟ್ಟದು, ಕೋಪ ಮಾತ್ರ ಹುಲಿಯದು. ಶಾಲೆಯಲ್ಲಿ ಅವಳಿಗೆ ಅಂಗೈಯಗಲದ ಹುಲಿ ಎಂದೇ ಅಡ್ಡಹೆಸರು. ಅವಳಿಗೆ ಅವನ ಗೆಳೆಯನ ಮೇಲೆ ಮನಸ್ಸು, ಅವನಿಗೆ ಅವಳ ಗೆಳತಿಯ ಮೇಲೆ. ಪ್ರೇಮಪತ್ರವನ್ನು ತಪ್ಪಾಗಿ ರ್ಯೂಜಿಯ ಚೀಲದಲ್ಲಿ ಹಾಕಿದ ತಾಯಿಗಾ ಅದನ್ನು ಮರಳಿ ಪಡೆಯಲು ನಡುರಾತ್ರಿ ಮರದ ಕತ್ತಿ ಹಿಡಿದು ಅವನ ಮನೆಗೆ ನುಗ್ಗುತ್ತಾಳೆ. ಕಡೆಗೆ ನೋಡಿದರೆ ಲಕೋಟೆ ಖಾಲಿ; ಪತ್ರವನ್ನು ಒಳಗಿಡಲು ಅವಳು ಮರೆತಿದ್ದಳು. ಹಸಿವಿನಿಂದ ಕುಸಿದ ಆ ವೈರಿಗೆ ಹುಡುಗ ಅನ್ನ ಹುರಿದು ಬಡಿಸುತ್ತಾನೆ. ಒಬ್ಬರಿಗೊಬ್ಬರು ನೆರವಾಗುವ ಒಪ್ಪಂದ ಅಲ್ಲಿಂದ ಶುರು. ತಾಯಿಗಾ ಎಂಬ ಹೆಸರು ಇಂಗ್ಲಿಷಿನ ಟೈಗರ್ ಶಬ್ದದ ಜಪಾನೀ ಉಚ್ಚಾರಣೆಯನ್ನು ನೆನಪಿಸುತ್ತದೆ, ಹುಲಿಗೆ ಜಪಾನಿಯಲ್ಲಿ ತೊರಾ. ರ್ಯೂ ಎಂದರೆ ಡ್ರ್ಯಾಗನ್, ಅದರಿಂದ ದೊರಾ. ಇದೇ ಶೀರ್ಷಿಕೆಯ ಗುಟ್ಟು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಸಂಪುಟಗಳು ಮುಂದುವರಿದಂತೆ ನಗೆಯ ಕೆಳಗಿನ ನೋವು ಮೇಲೆ ಬರುತ್ತದೆ. ಮಗಳನ್ನು ದೂರವಿಟ್ಟಿದ್ದ ತಂದೆ ಒಮ್ಮೆ ರಾಜಿಗೆ ಬರುತ್ತಾನೆ. ತಂದೆಯಿಲ್ಲದ ರ್ಯೂಜಿ, ಇರುವ ತಂದೆಯನ್ನು ಕಳೆದುಕೊಳ್ಳಬೇಡವೆಂದು ಅವಳನ್ನು ಒಪ್ಪಿಸುತ್ತಾನೆ. ಶಾಲೆಯ ಸಾಂಸ್ಕೃತಿಕ ಉತ್ಸವಕ್ಕೆ ಬರುವೆನೆಂದು ಮಾತು ಕೊಟ್ಟ ತಂದೆ ಬರುವುದೇ ಇಲ್ಲ. ಒಳ್ಳೆಯ ಉದ್ದೇಶದಿಂದ ಕೊಟ್ಟ ಸಲಹೆ ಹೇಗೆ ಕ್ರೌರ್ಯವಾಗಬಲ್ಲದು ಎಂಬುದನ್ನು ಹದಿಹರೆಯದ ಓದುಗನಿಗೆ ಇಷ್ಟು ನೇರವಾಗಿ ಹೇಳಿದ ಜನಪ್ರಿಯ ಕಥೆಗಳು ಹೆಚ್ಚಿಲ್ಲ. ಈ ಮಾಲೆಗೆ ದೋಷಗಳೂ ಇವೆ. ಸಿಡುಕಿನ ಹುಡುಗಿ ಒಳಗೆ ಮೃದು ಎಂಬ ಅಚ್ಚು ಜಪಾನಿನ ಈ ಪ್ರಕಾರದಲ್ಲಿ ಸವೆದು ಹೋಗಿದೆ; ಅವಳ ಒದೆತ, ಬೈಗುಳಗಳು ಕೆಲವೊಮ್ಮೆ ಹಾಸ್ಯದ ಮಿತಿ ಮೀರುತ್ತವೆ. ಹಾಗಿದ್ದರೂ ಪಾತ್ರಗಳು ಅಚ್ಚಿನಿಂದ ಹೊರಗೆ ಕಾಲಿಡುವ ಕ್ಷಣಗಳಿಗಾಗಿ ಇದನ್ನು ಓದಬೇಕು.

ಲೈಟ್ ನಾವೆಲ್, ಅಂದರೆ ಲಘು ಕಾದಂಬರಿ ಎಂದು ಜಪಾನಿನಲ್ಲಿ ಕರೆಯುವ ಈ ಪ್ರಕಾರದ ಸ್ವರೂಪವನ್ನು ಇಲ್ಲಿ ಹೇಳಬೇಕು. ಅಂಗೈಯಲ್ಲಿ ಹಿಡಿಯುವ, ಜೇಬಿನಲ್ಲಿ ಇಡಬಹುದಾದ ಪುಸ್ತಕ. ಉದ್ದನೆಯ ವರ್ಣನೆಗಳಿಗಿಂತ ಸಂಭಾಷಣೆ ಹೆಚ್ಚು, ವಾಕ್ಯ ಚಿಕ್ಕದು, ನಡುನಡುವೆ ಚಿತ್ರಗಳು. ಕಷ್ಟದ ಚೀನೀ ಲಿಪಿಯ ಅಕ್ಷರಗಳ ಪಕ್ಕದಲ್ಲಿ ಉಚ್ಚಾರಣೆಯನ್ನು ಸಣ್ಣಕ್ಷರಗಳಲ್ಲಿ ಅಚ್ಚು ಹಾಕುವ ರೂಢಿಯೂ ಉಂಟು, ಶಾಲೆಯ ಹುಡುಗ ಎಡವದೆ ಓದಲಿ ಎಂದು. ಹೊಸಬರಿಗೆ ಸ್ಪರ್ಧೆ ನಡೆಸಿ, ಗೆದ್ದ ಹಸ್ತಪ್ರತಿಯನ್ನು ಮಾಲೆಯಾಗಿ ಬೆಳೆಸಿ, ಅದರ ಬೆನ್ನಿಗೇ ಮಾಂಗಾ, ಅನಿಮೆ, ಹಾಡು, ಗೇಮ್‌ಗಳನ್ನು ತರುವ ವ್ಯವಸ್ಥೆ ಅಲ್ಲಿ ಗಟ್ಟಿಯಾಗಿದೆ. ಇದರ ಬೇರು 1976ರಷ್ಟು ಹಿಂದಿನದು. ಆ ವರ್ಷ ಕಾದೊಕಾವಾ ಪ್ರಕಾಶನದ ಹಾರುಕಿ ಕಾದೊಕಾವಾ ತಮ್ಮ ಪುಸ್ತಕವೊಂದನ್ನು ತಾವೇ ಚಲನಚಿತ್ರ ಮಾಡಿ, ಚಿತ್ರದಿಂದ ಪುಸ್ತಕವನ್ನೂ ಪುಸ್ತಕದಿಂದ ಚಿತ್ರವನ್ನೂ ಮಾರಿದರು. ಸಾಹಿತ್ಯದ ಶುದ್ಧಿಯ ಬಗ್ಗೆ ಚಿಂತಿಸುವವರಿಗೆ ಇದು ಶುದ್ಧ ವ್ಯಾಪಾರವಾಗಿ ಕಾಣುತ್ತದೆ, ಹೌದು, ವ್ಯಾಪಾರವೇ. ಆದರೆ ಆ ವ್ಯಾಪಾರ ಹದಿನೈದರ ಓದುಗನನ್ನು ಗಂಭೀರವಾಗಿ ಪರಿಗಣಿಸಿತು.

ಈ ಕಥೆಯನ್ನು ನಾನು ಮೊದಲು ಕೇಳಿದ್ದು ಪುಸ್ತಕದಿಂದಲ್ಲ. ಕಲಬುರಗಿಯಿಂದ ಕಮಲಾಪುರಕ್ಕೆ 35 ಕಿಲೊಮೀಟರ್ ಆಸುಪಾಸಿನ ದಾರಿ. ಕೆಂಪು ಬಾಳೆಗೆ ಹೆಸರಾದ ಆ ಊರು ಈಗ ತಾಲ್ಲೂಕು ಕೇಂದ್ರ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ಮೇಲೆ ರೈಲೂ ಅಲ್ಲಿ ಹಾದುಹೋಗುತ್ತದೆ. ಹಾಗಿದ್ದರೂ ಓದುವ ಮಕ್ಕಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಬಸ್ಸನ್ನೇ. ಅಂಥ ಒಂದು ಸಂಜೆಯ ಬಸ್ಸಿನಲ್ಲಿ ಪರಿಚಯದವರ ಮಗಳು, ಪಿಯುಸಿ ಓದುವವಳು, ಮೊಬೈಲಿನಲ್ಲಿ ಏನನ್ನೋ ನೋಡುತ್ತ ಒಬ್ಬಳೇ ನಗುತ್ತಿದ್ದಳು. ಏನವ್ವ ಅದು ಎಂದು ಕೇಳಿದೆ. ಜಪಾನೀ ಮಾತು, ಇಂಗ್ಲಿಷ್ ಅಡಿಬರಹ. ಕಿವಿಯಿಂದ ವೈರು ತೆಗೆದು ಅವಳು ಕಥೆ ಹೇಳತೊಡಗಿದಳು. "ಆ ಹುಡುಗಿ ನೋಡ್ಲಾಕ ಇಷ್ಟೇ ಅದಾಳ ಕಾಕಾ, ಸಿಟ್ಟ ಬಂತಂದ್ರ ಹುಲಿ. ಹುಡುಗನ ಮಾರಿ ನೋಡಿ ಎಲ್ಲಾರೂ ಅಂಜ್ತಾರ, ಮನ್ಯಾಗ ನೋಡಿದ್ರ ಅವನೇ ಅಡಗಿ ಮಾಡ್ತಾನ." ಕಮಲಾಪುರ ಬರುವವರೆಗೂ ಅವಳ ಕಥೆ ನಿಲ್ಲಲಿಲ್ಲ. ಹಿಂದೆ ಕುಳಿತಿದ್ದ ಇಬ್ಬರು ಹೆಣ್ಣುಮಕ್ಕಳೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಜಪಾನಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕಲಬುರಗಿಯ ಕನ್ನಡಕ್ಕೆ ಯಾವ ಅಕಾಡೆಮಿಯ ನೆರವೂ ಇಲ್ಲದೆ ನಡೆದ ಆ ಅನುವಾದದಲ್ಲಿ ಒಂದು ಮಾತೂ ಎಡವಿದಂತೆ ಕಾಣಲಿಲ್ಲ. ಕನ್ನಡದಲ್ಲಿ ಇಂಥದ್ದು ಓದಿದ್ದೀಯಾ ಎಂದು ಕೇಳಿದೆ. ಕನ್ನಡದಾಗ ಇಂಥವು ಎಲ್ಲಿ ಅದಾವ ಎಂದು ಅವಳು ನನ್ನನ್ನೇ ಕೇಳಿದಳು.

ಇದ್ದವು ಎನ್ನಬೇಕಿತ್ತು. ಈ ಅಂಕಣದ ಓದುಗರಲ್ಲಿ ಐವತ್ತು ದಾಟಿದವರಿಗೆ ವಿವರಿಸಬೇಕಾಗಿಲ್ಲ. 'ಸುಧಾ', 'ಪ್ರಜಾಮತ', 'ತರಂಗ'ಗಳ ಧಾರಾವಾಹಿಗಾಗಿ ವಾರವಿಡೀ ಕಾಯುತ್ತಿದ್ದುದು, 'ರಾಗಸಂಗಮ'ದಲ್ಲಿ ತಿಂಗಳಿಗೊಂದು ಇಡೀ ಕಾದಂಬರಿ ಸಿಗುತ್ತಿದ್ದುದು, ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ದಿನದ ಬಾಡಿಗೆಗೆ ತಂದ ಪುಸ್ತಕವನ್ನು ಪಠ್ಯಪುಸ್ತಕದೊಳಗಿಟ್ಟು ಓದಿದ್ದು ಅವರ ಸ್ವಂತ ಅನುಭವ. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಸಾಯಿಸುತೆ, ಎಚ್.ಜಿ. ರಾಧಾದೇವಿ: ಇವರ ಹೆಸರುಗಳು ಮನೆಮಾತಾಗಿದ್ದವು. ಪತ್ರಿಕೆಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಬೆಳ್ಳಿತೆರೆಗೆ ಹೋಗುವ ದಾರಿ ಆಗ ಹೆದ್ದಾರಿಯಾಗಿತ್ತು. ತ್ರಿವೇಣಿಯವರ 'ಬೆಳ್ಳಿಮೋಡ' 1967ರಲ್ಲಿ, 'ಶರಪಂಜರ' 1971ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಿತ್ರಗಳಾದವು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ 'ನಾಗರಹಾವು' ಬಂತು. ವಾಣಿಯವರ 'ಎರಡು ಕನಸು' 1974ರಲ್ಲಿ, ಉಷಾ ನವರತ್ನರಾಂ ಅವರ 'ಹೊಂಬಿಸಿಲು' 1978ರಲ್ಲಿ ತೆರೆ ಕಂಡವು. ಜಪಾನಿನವರು ಇದನ್ನು ಮೀಡಿಯಾ ಮಿಕ್ಸ್ ಎಂಬ ದೊಡ್ಡ ಹೆಸರಿನಿಂದ ಕರೆಯುತ್ತಾರೆ. ನಾವು ಹೆಸರಿಡದೆಯೇ ನಡೆಸಿದ್ದೆವು.

ನಗಿಸುವ ಪ್ರೇಮಕಥೆಗಳು ಇವುಗಳ ನಡುವೆ ಕಡಿಮೆಯಿದ್ದವೆಂಬುದು ನಿಜ. ನಮ್ಮ ಮಹಿಳಾ ಕಾದಂಬರಿಗಳಿಗೆ ಕಣ್ಣೀರಿನ ಮೋಹ ಹೆಚ್ಚು. ಅದಕ್ಕೆ ಕಾರಣವೂ ಇತ್ತು, ಆ ಓದುಗರ ಬದುಕಿನಲ್ಲಿ ನಗುವಂಥದ್ದು ಬಹಳ ಇರಲಿಲ್ಲ. ಆದರೂ ಎಚ್.ಜಿ. ರಾಧಾದೇವಿಯವರ ಕಾದಂಬರಿಯನ್ನು ಆಧರಿಸಿ 1986ರಲ್ಲಿ ಬಂದ 'ಅನುರಾಗ ಅರಳಿತು' ಚಿತ್ರವನ್ನು ಮರೆಯಬಾರದು. ದರ್ಪದ ಯಜಮಾನಿ, ಮಾತಿಗೆ ಮಾತು ಕೊಡುವ ಕೆಲಸಗಾರ. ರಾಜ್‌ಕುಮಾರ್ ಮತ್ತು ಮಾಧವಿಯವರ ಜಟಾಪಟಿ. ಈ ಕಥೆ 1992ರಲ್ಲಿ ತಮಿಳಿನಲ್ಲಿ ರಜನಿಕಾಂತರ 'ಮನ್ನನ್' ಆಯಿತು, ಅದೇ ವರ್ಷ ತೆಲುಗಿನಲ್ಲಿ ಚಿರಂಜೀವಿಯವರ 'ಘರಾನಾ ಮೊಗುಡು' ಆಯಿತು, 1994ರಲ್ಲಿ ಹಿಂದಿಯಲ್ಲಿ ಶ್ರೀದೇವಿ ಮತ್ತು ಅನಿಲ್ ಕಪೂರ್ ಅವರ 'ಲಾಡ್ಲಾ' ಆಯಿತು. ಕನ್ನಡದ ಲೇಖಕಿಯೊಬ್ಬರ ಕಲ್ಪನೆ ನಾಲ್ಕು ಭಾಷೆಗಳ ಚಿತ್ರಮಂದಿರಗಳನ್ನು ತುಂಬಿಸಿತು, ಅವರ ಹೆಸರನ್ನು ಇಂದು ಎಷ್ಟು ಜನ ಬಲ್ಲರು? ಇನ್ನೊಂದು ಫಣಿ ರಾಮಚಂದ್ರರ 'ಗಣೇಶನ ಮದುವೆ', 1990ರ ಚಿತ್ರ. ಒಂದೇ ವಠಾರದಲ್ಲಿ ನಿತ್ಯ ಜಗಳವಾಡುವ ಇಬ್ಬರು, ಪರಸ್ಪರ ಗುರುತಿಲ್ಲದೆ ಪತ್ರಗಳಲ್ಲಿ ಪ್ರೀತಿಸತೊಡಗುತ್ತಾರೆ. ಅನಂತನಾಗ್ ಮತ್ತು ವಿನಯಾ ಪ್ರಸಾದ್ ಅವರ ಆ ವಠಾರಕ್ಕೂ ರ್ಯೂಜಿ, ತಾಯಿಗಾರ ಅಕ್ಕಪಕ್ಕದ ಕಿಟಕಿಗಳಿಗೂ ದೂರವೇನೂ ಇಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಲೇಬೇಕು. 'ಅನುರಾಗ ಅರಳಿತು' ಹೆಣ್ಣಿನ ಅಹಂಕಾರವನ್ನು ಗಂಡು ಇಳಿಸುವುದರಲ್ಲಿ ತೃಪ್ತಿ ಕಾಣುತ್ತದೆ. ಜಪಾನಿನ ಹುಲಿಯನ್ನು ಯಾರೂ ಪಳಗಿಸುವುದಿಲ್ಲ. ಹಸಿದಾಗ ಅನ್ನ ಹಾಕುತ್ತಾರೆ, ಅಷ್ಟೇ.

ಆ ಹೆದ್ದಾರಿ ಎಲ್ಲಿ ಕಡಿಯಿತು? 1990ರ ದಶಕದಲ್ಲಿ ಮನೆಮನೆಗೆ ಬಂದ ದೂರದರ್ಶನ ವಾಹಿನಿಗಳ ಧಾರಾವಾಹಿಗಳು ವಾರಪತ್ರಿಕೆಯ ಧಾರಾವಾಹಿಯ ಓದುಗರನ್ನು ಕರೆದೊಯ್ದವು. ಬಾಡಿಗೆ ಲೈಬ್ರರಿಗಳು ಒಂದೊಂದಾಗಿ ಮುಚ್ಚಿದವು. ಸಿನಿಮಾ ಕಾದಂಬರಿಯನ್ನು ಬಿಟ್ಟು ಪಕ್ಕದ ಭಾಷೆಗಳ ಯಶಸ್ವೀ ಚಿತ್ರಗಳ ಮರುನಿರ್ಮಾಣಕ್ಕೆ ಒಲಿಯಿತು. ಇವೆಲ್ಲ ಹೊರಗಿನ ಕಾರಣಗಳು. ಒಳಗಿನ ಕಾರಣವೊಂದಿದೆ, ಅದನ್ನು ನಮ್ಮ ವಿಮರ್ಶೆ ಒಪ್ಪುವುದಿಲ್ಲ. ಜನಪ್ರಿಯ ಕಾದಂಬರಿ ಎಂಬ ಮಾತನ್ನು ನಾವು ಬೈಗುಳದಂತೆ ಬಳಸಿದೆವು. ಅಡುಗೆಮನೆ ಸಾಹಿತ್ಯ ಎಂದು ಮೂಗು ಮುರಿದೆವು. ಆ ಬರಹವನ್ನು ತಿದ್ದಿ ಬೆಳೆಸುವ, ಹದಿಹರೆಯದವರಿಗಾಗಿಯೇ ಹೊಸದಾಗಿ ಬರೆಸುವ ಸಂಪಾದಕರು ಹುಟ್ಟಲೇ ಇಲ್ಲ. ಕನ್ನಡದಲ್ಲಿ ಮಕ್ಕಳ ಸಾಹಿತ್ಯವಿದೆ, ದೊಡ್ಡವರ ಸಾಹಿತ್ಯವಿದೆ. ಹನ್ನೆರಡರಿಂದ ಹದಿನೆಂಟರ ನಡುವಿನವರು ಪಂಚತಂತ್ರದಿಂದ ಒಮ್ಮೆಗೇ 'ಸಂಸ್ಕಾರ'ಕ್ಕೆ ಜಿಗಿಯಬೇಕು. ನಡುವೆ ಸೇತುವೆಯಿಲ್ಲ.

ಡಬ್ಬಿಂಗಿನ ಕಥೆಯನ್ನೂ ಇಲ್ಲೇ ಹೇಳಿಬಿಡಬಹುದು. 1960ರ ದಶಕದ ಚಳವಳಿಯ ನಂತರ ಸುಮಾರು ಐದು ದಶಕ ಕನ್ನಡಕ್ಕೆ ಪರಭಾಷಾ ಚಿತ್ರಗಳು ಡಬ್ ಆಗಿ ಬರಲಿಲ್ಲ. ಕನ್ನಡ ಚಿತ್ರರಂಗ ಆಗ ಬಡವಾಗಿತ್ತು. ಕಲಾವಿದರ, ತಂತ್ರಜ್ಞರ ಅನ್ನ ಉಳಿಸುವ ಆ ಹೋರಾಟಕ್ಕೆ ನ್ಯಾಯವಿತ್ತು. ಆದರೆ ತುರ್ತು ಔಷಧವನ್ನು ನಿತ್ಯದ ಆಹಾರ ಮಾಡಿಕೊಂಡೆವು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ತಡೆ ಕಾನೂನಿಗೆ ವಿರುದ್ಧವೆಂದು ಹೇಳಿದ ನಂತರವೇ ಬಾಗಿಲು ತೆರೆದದ್ದು. ಅಷ್ಟರಲ್ಲಿ ಒಂದು ತಲೆಮಾರಿನ ಅಭ್ಯಾಸ ರೂಪುಗೊಂಡಿತ್ತು. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಸರಣಿಯ ಜಪಾನೀ ಚಿತ್ರ ಭಾರತದಲ್ಲಿ ಬಿಡುಗಡೆಯಾದಾಗ ಮೂಲ ಜಪಾನಿಯೊಂದಿಗೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಅವತರಣಿಕೆಗಳು ಬಂದವು. ಕನ್ನಡದ್ದು ಆ ಪಟ್ಟಿಯಲ್ಲಿರಲಿಲ್ಲ. ಕಲಬುರಗಿಯ ಹುಡುಗನಿಗೆ ಇದರಿಂದ ಕಷ್ಟವೇನೂ ಆಗುವುದಿಲ್ಲವೆಂಬುದೇ ಇಲ್ಲಿಯ ವಿಪರ್ಯಾಸ. ಓಣಿಯಲ್ಲಿ ದಖನಿ ಉರ್ದು ಕೇಳಿ ಬೆಳೆದವನಿಗೆ ಹಿಂದಿ ಸಲೀಸು. ಸೇಡಂ ಕಡೆಯವನಾದರೆ ತೆಲುಗೂ ಬಂದೀತು. ಕಥೆ ಅವನಿಗೆ ಸಿಕ್ಕೇ ಸಿಗುತ್ತದೆ, ಕನ್ನಡದಲ್ಲಿ ಅಲ್ಲ.

ಕನ್ನಡ ಎಂದರೆ ಯಾವ ಕನ್ನಡ? ಕಲಬುರಗಿಯವರಿಗೆ ಈ ಪ್ರಶ್ನೆ ಮೊದಲಿನಿಂದಲೂ ಕಾಡಿದೆ. ಮೇಲೆ ಹೆಸರಿಸಿದ ಕಾದಂಬರಿ, ಚಿತ್ರಗಳಲ್ಲಿ ಪ್ರೇಮಿಗಳು ಮಾತಾಡುವುದು ಮೈಸೂರು ಸೀಮೆಯ ಕನ್ನಡ. ಈ ಭಾಗದ ಓದುಗರು ಅದನ್ನು ಪ್ರೀತಿಯಿಂದಲೇ ಓದಿದರು, ಆದರೆ ಪ್ರೀತಿಸುವಾಗ ಹೀಗೆಯೇ ಮಾತಾಡಬೇಕು ಎಂಬ ಅಳುಕನ್ನೂ ಕಲಿತರು. ಜಾತ್ರೆಗಳಲ್ಲಿ ಠಿಕಾಣಿ ಹೂಡುವ ವೃತ್ತಿ ನಾಟಕ ಕಂಪನಿಗಳಲ್ಲೂ ಇದೇ ವಿಭಜನೆ. ನಾಯಕ, ನಾಯಕಿ ಗ್ರಾಂಥಿಕವಾಗಿ ನುಡಿಯುತ್ತಾರೆ. ಹಾಸ್ಯದ ಜೋಡಿ ಮಾತ್ರ ನಮ್ಮಂತೆ ಮಾತಾಡಿ ಚಪ್ಪಾಳೆ ಗಿಟ್ಟಿಸುತ್ತದೆ. ಸಿನಿಮಾದಲ್ಲಿ ಉತ್ತರದ ಕನ್ನಡ ಬಂತೆಂದರೆ ಅದು ಬಹುತೇಕ ನಗೆಪಾತ್ರಕ್ಕೆ ಇಲ್ಲವೇ ಒರಟು ಪಾತ್ರಕ್ಕೆ. ನಮ್ಮ ಮಾತಿನ ಬಗ್ಗೆ ನಗುವುದು ಬೇರೆ, ನಮ್ಮ ಮಾತಿನಲ್ಲಿ ನಗುವುದು ಬೇರೆ.

ಗಂಭೀರ ಸಾಹಿತ್ಯ ಈ ನುಡಿಗೆ ಗೌರವ ತಂದುಕೊಟ್ಟಿದೆ. ಕಲಬುರಗಿ ತಾಲ್ಲೂಕಿನ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ ಗೀತಾ ನಾಗಭೂಷಣ ಅವರು ತಳಸಮುದಾಯದ ಹೆಣ್ಣುಮಕ್ಕಳ ಬಾಳನ್ನು ಅವರದೇ ಬಾಯಿಮಾತಿನಲ್ಲಿ ಕಾದಂಬರಿಯಾಗಿಸಿದರು. 'ಬದುಕು' ಕೃತಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅವರ 'ಹಸಿಮಾಂಸ ಮತ್ತು ಹದ್ದುಗಳು' ಕಾದಂಬರಿ 'ಹೆಣ್ಣಿನ ಕೂಗು' ಎಂಬ ಚಿತ್ರವೂ ಆಯಿತು. 2020ರಲ್ಲಿ ಅವರು ತೀರಿಕೊಂಡಾಗ ಈ ಸೀಮೆ ತನ್ನ ದೊಡ್ಡ ಕಥೆಗಾರ್ತಿಯನ್ನು ಕಳೆದುಕೊಂಡಿತು. ಆದರೆ ಒಂದು ಸೂಕ್ಷ್ಮ ಇಲ್ಲಿದೆ. ಕಲಬುರಗಿಯ ಕನ್ನಡ ಕಾದಂಬರಿಯೊಳಗೆ ಬಂದದ್ದು ನೋವಿನ, ಹಸಿವಿನ, ಪ್ರತಿಭಟನೆಯ ನುಡಿಯಾಗಿ. ಅದು ಬರಬೇಕಾದದ್ದೇ. ಕಾಲೇಜಿಗೆ ಹೋಗುವ, ಪರೀಕ್ಷೆಗೆ ಹೆದರುವ, ಗೆಳತಿಯೊಂದಿಗೆ ಮುನಿದು ಮರುದಿನ ರಾಜಿಯಾಗುವ ಹುಡುಗಿಯ ನುಡಿಯಾಗಿ ಅದು ಇನ್ನೂ ಅಚ್ಚಾಗಿಲ್ಲ. ಬಡತನವನ್ನು ಬರೆಯಲು ಯೋಗ್ಯವಾದ ಮಾತು ಸಲಿಗೆಯನ್ನು ಬರೆಯಲು ಯೋಗ್ಯವಲ್ಲವೇ?

'ತೊರಾದೊರಾ'ವನ್ನು ಈ ನುಡಿಗೆ ತರುವುದಾದರೆ ಹೇಗಿದ್ದೀತು ಎಂದು ಯೋಚಿಸುವುದು ಬರೀ ಮೋಜಿನ ಮಾತಲ್ಲ. ಜಪಾನೀ ಪ್ರೇಮಕಥೆಯ ಅರ್ಧ ನಾಟಕ ನಡೆಯುವುದು ಸಂಬೋಧನೆಯಲ್ಲಿ. ಮನೆತನದ ಹೆಸರಿನಿಂದ ಕರೆಯುತ್ತಿದ್ದವನು ಒಂದು ದಿನ ಹುಟ್ಟುಹೆಸರಿನಿಂದ ಕರೆದರೆ ಅದೇ ಒಂದು ಪ್ರಕರಣ. ರ್ಯೂಜಿ ಮೊದಲು ಅವಳನ್ನು ಐಸಾಕಾ ಎನ್ನುತ್ತಾನೆ, ಆಮೇಲೆ ತಾಯಿಗಾ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಇದರ ತೂಕ ಸಿಗುವುದಿಲ್ಲ. ಯಾರಿಗೆ ಹೇಳಿದರೂ ಒಂದೇ ಯು. ಕನ್ನಡದಲ್ಲಿ ನೀವು, ನೀನು ಇವೆ. ಕಲಬುರಗಿಯಲ್ಲಿ ಮಾತಿನ ತುದಿಗೆ ಸೇರುವ ರೀ ಇದೆ, ಮೊಟಕಾದ ನೀ ಇದೆ, ಸಿಟ್ಟಿನಲ್ಲೂ ಸಲಿಗೆಯಲ್ಲೂ ಬರುವ ಲೇ ಇದೆ. "ಯಾಕ್ರೀ, ಏನಾತ್ರೀ" ಎನ್ನುತ್ತಿದ್ದ ಹುಡುಗಿ "ಯಾಕಲೇ, ಉಂಡೇನ್ ನೀ?" ಎಂದಳೆಂದರೆ ಜಪಾನಿನ ಹತ್ತು ಪುಟದ ಸಂಕೋಚ ಒಂದೇ ಸಾಲಿನಲ್ಲಿ ದಾಟುತ್ತದೆ. ಕಿಟಕಿಗೆ ಕಿಟಕಿ ಎದುರಾದ ಆ ಕಟ್ಟಡಗಳ ಜಾಗಕ್ಕೆ ಕಮಲಾಪುರದ ಅಕ್ಕಪಕ್ಕದ ಮನೆಗಳ ಮಾಳಿಗೆಗಳನ್ನು ತನ್ನಿ. ಬೇಸಿಗೆಯ ರಾತ್ರಿ ಊರೆಲ್ಲ ಮಲಗುವುದು ಅಲ್ಲಿಯೇ. ಹುಡುಗ ರೊಟ್ಟಿ ಬಡಿಯುತ್ತಾನೆ, ಪುಂಡಿಪಲ್ಯ, ಶೇಂಗಾ ಹಿಂಡಿ ಜತೆಗಿಟ್ಟು ಕೊಡುತ್ತಾನೆ. ಗಂಡು ಹುಡುಗ ರೊಟ್ಟಿ ಬಡಿಯುವ ಸದ್ದು ಓಣಿಗೆ ಕೇಳಿಸಿದರೆ ಅಲ್ಲಿಂದಾಚೆಗಿನ ಹಾಸ್ಯವನ್ನು ಲೇಖಕ ಕಷ್ಟಪಟ್ಟು ಹೊಸೆಯಬೇಕಾಗಿಲ್ಲ. ಅನಿಮೆಯಲ್ಲಿ ತಾಯಿಗಾಳ ಜೀವವಿರುವುದು ರಿಯೆ ಕುಗಿಮಿಯಾ ಎಂಬ ಕಲಾವಿದೆಯ ಕಂಠದಲ್ಲಿ. ಅಂಥ ಗದರಿಕೆಗೆ ನಮ್ಮ ಅಜ್ಜಿಯಂದಿರ ಬಾಯಲ್ಲಿ ಶಬ್ದಗಳ ಭಂಡಾರವೇ ಇದೆ.

ಇಷ್ಟು ಹಗುರವಾಗಿ ಮಾತಾಡುವಾಗಲೂ ಒಂದು ಭಾರದ ಮಾತು ಎದುರಾಗುತ್ತದೆ. ಜಪಾನಿನ ಆ ಕಥೆಯ ಕೊನೆಯಲ್ಲಿ ಇಬ್ಬರೂ ಮನೆಬಿಟ್ಟು ಓಡಿಹೋಗುವ ಯೋಚನೆ ಮಾಡುತ್ತಾರೆ. ನಮ್ಮಲ್ಲಿ ಓಡಿಹೋಗುವುದು ಎಂಬ ಪದ ಕೇಳಿದರೆ ಹಾಸ್ಯ ನಿಂತುಹೋಗುತ್ತದೆ. ಜಾತಿ ಬೇರೆಯಾದರೆ, ಧರ್ಮ ಬೇರೆಯಾದರೆ ಪ್ರೀತಿಯ ಸುದ್ದಿ ಪತ್ರಿಕೆಯ ಅಪರಾಧ ಪುಟದಲ್ಲಿ ಮುಗಿಯುವುದನ್ನು ಈ ಸೀಮೆ ಕಂಡಿದೆ. ಹೆಣ್ಣುಮಗಳ ಕೈಯಲ್ಲಿ ಪ್ರೇಮಕಥೆಯ ಪುಸ್ತಕ ಕಂಡ ತಂದೆತಾಯಿಯರ ಭಯವನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಕಾಲೇಜು ಬಿಡಿಸಿ ಮದುವೆ ಮಾಡಲು ಅಷ್ಟು ನೆಪವೇ ಸಾಕು ಎಂಬುದು ಮಗಳಿಗೂ ಗೊತ್ತು. ಹಾಗಾದರೆ ಇಂಥ ಕಥೆ ಇಲ್ಲಿ ಬೇಡವೇ? ಜಪಾನಿನ ಲೇಖಕಿ ಮಾಡಿದ್ದನ್ನು ನೋಡಬೇಕು. ಅವಳ ಹುಡುಗ ಹುಡುಗಿ ಕೊನೆಗೆ ಓಡಿಹೋಗುವುದಿಲ್ಲ. ತಾಯಿ ಸಂಬಂಧ ಕಡಿದುಕೊಂಡಿದ್ದ ಅಜ್ಜ ಅಜ್ಜಿಯರನ್ನು ರ್ಯೂಜಿ ಹುಡುಕಿಕೊಂಡು ಹೋಗುತ್ತಾನೆ. ತಾಯಿಗಾ ತನ್ನ ತಾಯಿಯೊಂದಿಗೆ ಲೆಕ್ಕ ಸರಿಮಾಡಿಕೊಳ್ಳಲು ಮರಳುತ್ತಾಳೆ. ಹಿರಿಯರು ಮುರಿದ ಮನೆಗಳನ್ನು ಕಿರಿಯರು ಜೋಡಿಸುವ ಪಾಡು ಅದು. ಪ್ರೀತಿಯೆಂದರೆ ಹಿಂಬಾಲಿಸುವುದು, ಕಾಡುವುದು, ಒಪ್ಪದವಳನ್ನು ಒಪ್ಪಿಸುವುದು ಎಂದು ನಮ್ಮ ತೆರೆಯ ನಾಯಕರು ದಶಕಗಳ ಕಾಲ ಕಲಿಸಿದ್ದಾರೆ. ಅದರ ಮುಂದೆ ಅಡುಗೆ ಮಾಡಿ ಕಾಯುವ, ಅವಳ ಮಾತು ಕೇಳುವ, ತಾನು ತಪ್ಪಿದಾಗ ನಾಚುವ ಹುಡುಗನೊಬ್ಬನ ಚಿತ್ರ ನಮ್ಮ ಗಂಡುಮಕ್ಕಳಿಗೆ ಸಿಗುವುದರಲ್ಲಿ ಅಪಾಯವೇನಿದೆ? ಅಪಾಯವಿರುವುದು ಇಂಥದ್ದನ್ನು ಯಾರೊಂದಿಗೂ ಚರ್ಚಿಸದೆ, ಮನೆಯ ಭಾಷೆಯಲ್ಲಿ ಹೆಸರಿಡಲೂ ಆಗದೆ, ಕಿವಿಗೆ ವೈರು ಸಿಕ್ಕಿಸಿಕೊಂಡು ಒಬ್ಬರೇ ನೋಡುವುದರಲ್ಲಿ.

ಪರದೇಶದ ಹಗುರ ಕಥೆಯನ್ನು ಕನ್ನಡಕ್ಕೆ ತರುವುದು ಕೀಳು ಕೆಲಸವೆಂದು ಭಾವಿಸುವವರು ಕನ್ನಡ ಕಾದಂಬರಿಯ ಚರಿತ್ರೆಯನ್ನು ನೆನೆಯಬೇಕು. ಬಂಗಾಳಿಯಿಂದ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ತಂದರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದು, ಪುಸ್ತಕಗಳ ಹೊರೆ ತಾವೇ ಹೊತ್ತು ಊರೂರು ಅಲೆದು ಮಾರಿದರು. ಮರಾಠಿ ಓದುತ್ತಿದ್ದ ಉತ್ತರ ಕರ್ನಾಟಕದವರನ್ನು ಕನ್ನಡ ಓದಿಗೆ ಎಳೆತಂದದ್ದು ಪಾಂಡಿತ್ಯವಲ್ಲ, ರೋಚಕ ಕಥೆ. ಎಂಬತ್ತರ ದಶಕದಲ್ಲಿ ತೆಲುಗಿನ ಯಂಡಮೂರಿ ವೀರೇಂದ್ರನಾಥರು ಕನ್ನಡದವರೇ ಎಂಬಷ್ಟು ಓದಿಸಿಕೊಂಡರು. ಅವರ ಕಾದಂಬರಿಯಿಂದಲೇ ಸುನಿಲ್‌ಕುಮಾರ್ ದೇಸಾಯಿಯವರ 'ಬೆಳದಿಂಗಳ ಬಾಲೆ' 1995ರಲ್ಲಿ ಬಂತು. ಜಪಾನಿನಿಂದಲೂ ನಾವು ಪಡೆದಿದ್ದೇವೆ. ತೆತ್ಸುಕೊ ಕುರೊಯಾನಗಿಯವರ 'ತೊತ್ತೋ-ಚಾನ್' ಕನ್ನಡದ ಎಷ್ಟು ಶಿಕ್ಷಕರ ಮೇಜಿನ ಮೇಲಿಲ್ಲ? ಆ ಪುಟ್ಟ ಹುಡುಗಿ ಬೆಳೆದು ಹೈಸ್ಕೂಲಿಗೆ ಬಂದ ಮೇಲಿನ ಪುಸ್ತಕಗಳು ಮಾತ್ರ ಬರಲಿಲ್ಲ.

ಹಣವಿಲ್ಲ ಎನ್ನುವ ಹಾಗಿಲ್ಲ. ಅನುವಾದಕ್ಕೆಂದೇ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವಿದೆ. ಈ ಭಾಗದ ಅಭಿವೃದ್ಧಿಗೆಂದೇ ಪ್ರತ್ಯೇಕ ಮಂಡಳಿಯಿದೆ. ಕಲಬುರಗಿಯಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಪುಸ್ತಕ ಪ್ರಕಟಿಸಿ ಮಾರಬಲ್ಲ ಸಿದ್ಧಲಿಂಗೇಶ್ವರ ಪ್ರಕಾಶನದಂಥ ಸಂಸ್ಥೆಯಿದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದು ಕರೆದು, 2020ರ ನವೆಂಬರಿನಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ವ್ಯವಸ್ಥೆ ಆರಂಭವಾಯಿತು. ಹದಿನಾರರ ಹುಡುಗಿ ಆ ಕಾರ್ಡು ಹಿಡಿದು ಒಳಗೆ ಹೋದರೆ ಅವಳ ವಯಸ್ಸಿಗೆಂದೇ ಕನ್ನಡದಲ್ಲಿ ಬರೆದ ಎಷ್ಟು ಪುಸ್ತಕ ಸಿಕ್ಕೀತು? ಸ್ಪರ್ಧಾತ್ಮಕ ಪರೀಕ್ಷೆಯ ಮಾರ್ಗದರ್ಶಿಗಳನ್ನೂ ಮಹಾಪುರುಷರ ಜೀವನಚರಿತ್ರೆಗಳನ್ನೂ ಎಣಿಕೆಗೆ ಹಿಡಿಯುವಂತಿಲ್ಲ.

ಇಡೀ ಹತ್ತು ಸಂಪುಟಗಳ ಹಕ್ಕು ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಇಂಗ್ಲಿಷಿನಲ್ಲೇ ಈ ಕಾದಂಬರಿ ಪುಸ್ತಕರೂಪದಲ್ಲಿ ಬರತೊಡಗಿದ್ದು 2018ರಲ್ಲಿ, ಮೂಲ ಹುಟ್ಟಿ ಹನ್ನೆರಡು ವರ್ಷಗಳ ಮೇಲೆ. ಮೊದಲ ಸಂಪುಟ ಒಂದನ್ನು ತಂದರೆ ಸಾಕು. ಭಾಷೆ ಬಲ್ಲ ಅನುವಾದಕರೊಬ್ಬರು ಜಪಾನಿಯಿಂದ ನೇರವಾಗಿ ಕರಡು ಮಾಡಲಿ. ಆ ಕರಡನ್ನು ಬೆಂಗಳೂರಿನಲ್ಲಿ ತಿದ್ದುವ ಬದಲು ಕಮಲಾಪುರದ ಪದವಿಪೂರ್ವ ಕಾಲೇಜಿನ ನಾಲ್ಕಾರು ಮಕ್ಕಳ ಮುಂದಿಟ್ಟು, ತಾಯಿಗಾ ಇಲ್ಲಿ ಏನನ್ನಬೇಕು ಎಂದು ಕೇಳಲಿ. ಅದರ ಜೊತೆಗೆ, ತಮ್ಮದೇ ಓಣಿಯ ಹುಡುಗ ಹುಡುಗಿಯನ್ನು ಕುರಿತು ತಮ್ಮದೇ ಮಾತಿನಲ್ಲಿ ಬರೆದ ನೂರು ಪುಟದ ಹಸ್ತಪ್ರತಿಗೆ ವರ್ಷಕ್ಕೊಂದು ಬಹುಮಾನವನ್ನು ಯಾರಾದರೂ ಇಡಲಿ. 1928, 1949, 1987 ಮತ್ತು 2020ರಲ್ಲಿ ಹೀಗೆ ನಾಲ್ಕು ಬಾರಿ ಸಾಹಿತ್ಯ ಸಮ್ಮೇಳನ ನಡೆಸಿದ ಊರಿಗೆ ಅಷ್ಟು ಖರ್ಚು ಹೆಚ್ಚಲ್ಲ. ತೀರ್ಪುಗಾರರಲ್ಲಿ ಇಪ್ಪತ್ತು ದಾಟದವರು ಇಬ್ಬರಾದರೂ ಇರಬೇಕೆಂಬ ನಿಯಮವನ್ನು ಮಾತ್ರ ಮೊದಲೇ ಬರೆದಿಡಬೇಕು.